ಗುವಾಮ್‌ನ ಆಂಡರ್ಸನ್ ಬಾಂಬರ್ ನೆಲೆ: ದೂರ ಬಲವೋ, ತೊಡಕೋ?

ಗಗನಪಥ: 2020ರ ಏಪ್ರಿಲ್‌ನಲ್ಲಿ ಅಮೆರಿಕ ತನ್ನ ಬಿ-52 ಬಾಂಬರ್‌ಗಳನ್ನು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಆಂಡರ್ಸನ್ ನೆಲೆಯಿಂದ ತನ್ನ ನಾರ್ತ್ ಡಕೋಟ ರಾಜ್ಯದ ಮೈನಾಟ್ ನೆಲೆಗೆ ಕರೆಸಿಕೊಂಡಿತು. 2004ರಿಂದ ಅಲ್ಲಿ ಸರದಿಯ ಮೇಲೆ ಬಾಂಬರ್‌ಗಳು ಸದಾ ಇರುತ್ತಿದ್ದವು. ನನ್ನ ಪ್ರಕಾರ ಇದು ತಪ್ಪು ನಿರ್ಧಾರ. 1945ರಲ್ಲಿ ಜಪಾನ್ ಮೇಲೆ ಬಿ-29ಗಳನ್ನು ಕಳಿಸಲು ನಾರ್ತ್ ಫೀಲ್ಡ್ ಹೆಸರಲ್ಲಿ ಶುರುವಾದ ನೆಲೆ ಅದು. ಅಮೆರಿಕದ್ದೇ ನೆಲ, ಬೇರೆ ದೇಶದ ಅನುಮತಿ ಕೇಳಬೇಕಿಲ್ಲ.

ಇಂಧನಲೆಕ್ಕ: ಅನುಮತಿ ಬೇಡ, ಸರಿ. ಹಾರುತ್ತಲೇ ಇಂಧನ ತುಂಬಿಸುವ ಟ್ಯಾಂಕರ್ ವಿಮಾನ ಬೇಕಲ್ಲ? 1972ರ ಡಿಸೆಂಬರ್ 18ರಂದು, ಉತ್ತರ ವಿಯೆಟ್ನಾಮ್ ಮೇಲಿನ ಲೈನ್‌ಬ್ಯಾಕರ್-2 ಬಾಂಬ್ ದಾಳಿಯ ಮೊದಲ ರಾತ್ರಿ, 129 ಬಿ-52ಗಳು ಹೊರಟವು. 87 ಗುವಾಮ್‌ನವು, 42 ಥಾಯ್ಲೆಂಡಿನ ಉ-ತಪಾವ್‌ನವು. ಉ-ತಪಾವ್‌ನವು ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳದೆಯೇ ಹನೋಯ್ ಮುಟ್ಟಿ ಮರಳಬಲ್ಲವು. ಗುವಾಮ್‌ನಿಂದ ಹೋಗಿಬರಲು 12 ಗಂಟೆಗೂ ಹೆಚ್ಚು, ನಡುವೆ ಓಕಿನಾವಾದ ಕಡೇನಾದಿಂದ ಕೆಸಿ-135 ಟ್ಯಾಂಕರ್‌ಗಳು ಬರಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಓಕಿನಾವಾ ಅಮೆರಿಕದ ಆಡಳಿತದಿಂದ ಜಪಾನಿಗೆ ಮರಳಿತ್ತು. ಬೇರೆ ದೇಶದ ಹಂಗಿಲ್ಲ ಎನ್ನುವ ಮಾತು ಅಲ್ಲಿಗೇ ಬಿತ್ತು. 1965ರ ಜೂನ್ 18ರ ಮೊದಲ ಆರ್ಕ್ ಲೈಟ್ (ವಿಯೆಟ್ನಾಮ್ ಯುದ್ಧದ ಬಿ-52 ದಾಳಿಗಳ ಹೆಸರು) ದಾಳಿಯಲ್ಲಂತೂ ಗುವಾಮ್‌ನಿಂದ ಹೋದ 27ರಲ್ಲಿ ಎರಡು ವಿಮಾನಗಳು ಟ್ಯಾಂಕರ್‌ಗೆ ಕಾಯುವ ಹೊತ್ತಲ್ಲೇ ಡಿಕ್ಕಿಯಾಗಿ 8 ಜನ ಸತ್ತರು.

ರನ್‌ವೇ06: ದೂರದ ಹೊರೆ ನೆಲದಲ್ಲೇ ಶುರು. ಇಂಧನ ಹೆಚ್ಚಾದಷ್ಟೂ ತೂಕ ಹೆಚ್ಚು, ಮೇಲೆ ಬಿಸಿ ಗಾಳಿ. ಅದಕ್ಕೇ ಆಗಿನ ಜೆ-57 ಎಂಜಿನ್‌ಗಳಿಗೆ ಟೇಕಾಫ್ ಹೊತ್ತಲ್ಲಿ ತಳ್ಳುವ ಬಲ ಹೆಚ್ಚಿಸಲು ನೀರು ಚಿಮ್ಮಿಸುತ್ತಿದ್ದರು. ಬಿ-52ಜಿ ಒಂದಕ್ಕೇ ಸುಮಾರು 1,200 ಗ್ಯಾಲನ್, ಟೇಕಾಫ್ ಮುಗಿಯುತ್ತಲೇ ಖಾಲಿ. ಒಂದು ರೆಕ್ಕೆಯ ಕಡೆ ನೀರು ನಿಂತರೆ ಆ ಕಡೆಯ ಎಂಜಿನ್‌ಗಳ ತಳ್ಳುವ ಬಲ ಕುಸಿದು ಮೂತಿ ಅತ್ತ ಎಳೆಯುತ್ತದೆ. ರನ್‌ವೇ ನಡುವೆ ತಗ್ಗು, ತುದಿಯತ್ತ ಏರು, ಆಮೇಲೆ ಕಡಿದಾದ ಬಂಡೆ, ಕೆಳಗೆ ಸಮುದ್ರ. ಭಾರದ ವಿಮಾನಗಳು ಅಂಚು ದಾಟಿದ ಕೂಡಲೇ ಕೆಳಗಿಳಿದು, ವೇಗ ಹಿಡಿದು, ಮತ್ತೆ ಏರುತ್ತಿದ್ದವು.

ಗಗನಪಥ: ಆ ಎಂಜಿನ್ ಈಗಿಲ್ಲ. ಈಗಿನ ಬಿ-52ಎಚ್‌ಗೆ ಟರ್ಬೋಫ್ಯಾನ್ ಎಂಜಿನ್ ಇದೆ, ನೀರು ಬೇಡ.

ರನ್‌ವೇ06: ಎಂಜಿನ್ ಬದಲಾಯಿತು, ತೇವ ಬದಲಾಗಲಿಲ್ಲ. 2008ರ ಫೆಬ್ರವರಿ 23ರಂದು ಅಲ್ಲೇ ಬಿದ್ದ ಬಿ-2 ಬಾಂಬರ್ ನೋಡಿ. ಗಾಳಿಯೊತ್ತಡ ಅಳೆಯುವ 24 ಸೆನ್ಸರ್‌ಗಳಲ್ಲಿ ಮೂರಕ್ಕೆ ತೇವ ಸೇರಿತ್ತು. ಅದೇ ಸ್ಥಿತಿಯಲ್ಲಿ ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವುದು) ಮಾಡಿದರು. ಆಮೇಲೆ ಸೆನ್ಸರ್ ಬಿಸಿಮಾಡುವ ಪಿಟೋ ಹೀಟ್ ಹಾಕಿದಾಗ ತೇವ ಆರಿತು, ತಪ್ಪು ತಿದ್ದುಪಡಿ ಮಾತ್ರ ಉಳಿಯಿತು. ತೋರಿಸಿದ ವೇಗಕ್ಕಿಂತ 12 ನಾಟ್ ಕಡಿಮೆಯಲ್ಲಿ ವಿಮಾನ ಮೇಲೆದ್ದಿತು. ಕಂಪ್ಯೂಟರ್ ಮೂತಿಯನ್ನು ಸುಮಾರು 30 ಡಿಗ್ರಿ ಎತ್ತಿತು, ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದು, ಎಡ ರೆಕ್ಕೆ ನೆಲಕ್ಕೆ ತಾಗಿತು. ಇಬ್ಬರೂ ಪೈಲಟ್‌ಗಳು ಹೊರಜಿಗಿದು ಉಳಿದರು, 140 ಕೋಟಿ ಡಾಲರ್‌ನ ವಿಮಾನ ಹೋಯಿತು. ಮೊದಲು ಹೀಟ್ ಹಾಕಿ ಒಣಗಿಸಿ, ಆಮೇಲೆ ಕ್ಯಾಲಿಬ್ರೇಶನ್ ಮಾಡುವ ಉಪಾಯ 2006ರಲ್ಲೇ ಅಲ್ಲಿ ಕೆಲವರಿಗೆ ಗೊತ್ತಿತ್ತು. ಲಿಖಿತ ವಿಧಾನದೊಳಗೆ ಅದು ಸೇರಲೇ ಇಲ್ಲ, ನನಗೆ ಕೋಪ ಬರುವುದು ಅದಕ್ಕೇ.

ಇಂಧನಲೆಕ್ಕ: ಇದಕ್ಕೆ ನೆಲೆಯನ್ನು ದೂರಲಾರೆ, ಕೆಲಸದ ಶಿಸ್ತಿನ ದೋಷ. ನೆಲೆಗೆ ನಿಜವಾದ ಅಪಾಯ ಚೀನಾದ ಡಿಎಫ್-26 ಕ್ಷಿಪಣಿ. ಅದರ ವ್ಯಾಪ್ತಿ ಸುಮಾರು 4,000 ಕಿ.ಮೀ., ಗುವಾಮ್ ಅದರೊಳಗೇ ಬರುತ್ತದೆ. ಬಿ-52ರ ರೆಕ್ಕೆಯ ಅಗಲ 56 ಮೀಟರ್. ಅಷ್ಟು ದೊಡ್ಡದಕ್ಕೆ ಯುದ್ಧವಿಮಾನಗಳಿಗೆ ಕಟ್ಟುವಂಥ ಕಾಂಕ್ರೀಟ್ ಗೂಡು ಕಟ್ಟುವುದು ಸುಲಭವಲ್ಲ, ಬಯಲಲ್ಲೇ ನಿಲ್ಲಬೇಕು.

ಗಗನಪಥ: ಹಾಗಾದರೆ ನೆಲೆ ಇರಲಿ, ವಿಮಾನ ಬಂದು ಹೋಗಲಿ ಎನ್ನುತ್ತೀರಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಾಂಬು, ಇಂಧನ, ಬಿಡಿಭಾಗ, ಅವನ್ನು ಬಲ್ಲ ಮೆಕ್ಯಾನಿಕ್‌ಗಳು ಅಲ್ಲೇ ಇರಬೇಕು. ಮೈನಾಟ್‌ನಿಂದ ಬಂದ ವಿಮಾನಕ್ಕೆ ಅಲ್ಲಿ ಬಾಂಬು ಏರಿಸುವವರೇ ಇಲ್ಲದಿದ್ದರೆ ಉದ್ದದ ರನ್‌ವೇ ಇದ್ದು ಪ್ರಯೋಜನವಿಲ್ಲ.