ಫೈರ್ ವಾರ್ಡನ್‌ಗೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಬೆಂಕಿ ಬಿದ್ದಾಗ ಜನರನ್ನು ಹೊರಗೆ ಕಳಿಸುವ ಹೊಣೆ ಹೊತ್ತ ಫೈರ್ ವಾರ್ಡನ್‌ಗೆ ಕನ್ನಡದ ಒಂದು ಪದ ಬೇಕಾಗಿತ್ತು. ಒಂದು ಅಂತಲೇ ಶುರು ಮಾಡಿದ್ದು, ಬರೆಯುತ್ತಾ ಕೂತರೆ ಐದಾರು ಆಗಿವೆ.

ನಾನು ಕುಮಟಾ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯುತ್ತೇನೆ ಎಂಬ ಒಂದೇ ಕಾರಣಕ್ಕೆ ನೋಟಿಸು, ರಜೆಯ ಬೋರ್ಡು, ಚೌತಿಯ ಬ್ಯಾನರು ಎಲ್ಲಾ ನನ್ನ ತಲೆಗೇ ಬರುತ್ತವೆ. ಹೋದ ತಿಂಗಳು ಬೆಂಕಿ ಸುರಕ್ಷತೆಯ ಬೋರ್ಡುಗಳ ಒಂದು ಕಟ್ಟು ಬಂತು. ಹೊರಗಿನ ಊರಿನ ಬೋರ್ಡಿನವರು ಮಾಡಿ ಕಳಿಸಿದ್ದು. ಇಂಗ್ಲಿಷನ್ನು ಯಾವುದೋ ಮೊಬೈಲಿಗೆ ಕೊಟ್ಟು ಬಂದಿದ್ದನ್ನು ಹಾಗೇ ಅಚ್ಚು ಹೊಡೆದಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಹಿಂದಿನ ಬಾಗಿಲಿಗೆ ಬಂದ ಬೋರ್ಡು: 'ಅಗ್ನಿ ನಿರ್ಗಮನ'.

ಸಿಪ್ಪೆ ತೆಗೆಯುವ ಕಡೆ ಕೆಲಸ ಮಾಡುವ ಒಬ್ಬ ಅಕ್ಕ ಅದನ್ನು ಒಂದೊಂದೇ ಅಕ್ಷರ ಓದಿ ಕೇಳಿದರು, "ತಮ್ಮಾ, ಬೆಂಕಿ ಈ ಬಾಗ್ಲಲ್ಲಿ ಹೊರಗೆ ಹೋಗ್ತದಾ? ಹಾಗಾದ್ರೆ ನಾವು ಯಾವ ಬಾಗ್ಲಲ್ಲಿ ಹೋಗ್ಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ವ್ಯಾಕರಣದ ಪ್ರಕಾರ ಅವರು ಹೇಳಿದ್ದೇ ಸರಿ. ಗುರುಗಳ ಆಗಮನ ಅಂದರೆ ಗುರುಗಳು ಬರುವುದು, ಅಗ್ನಿ ನಿರ್ಗಮನ ಅಂದರೆ ಅಗ್ನಿ ಹೊರಡುವುದು.

ಅದೇ ಬಾಗಿಲಿನ ಹಿಡಿಕೆಯ ಹತ್ತಿರ 'ಒತ್ತಿ' ಅಂತ ಇನ್ನೊಂದು ಸಣ್ಣ ಬೋರ್ಡು. ಒಬ್ಬ ಹುಡುಗ ಗುಂಡಿ ಎಲ್ಲಿದೆ ಅಂತ ಗೋಡೆ ಪೂರ್ತಿ ಹುಡುಕಿದ. ನಮ್ಮ ಕಡೆ ಬಾಗಿಲನ್ನು ಯಾರೂ ಒತ್ತುವುದಿಲ್ಲ, ದೂಡುತ್ತಾರೆ. ಘಟ್ಟದ ಮೇಲೆ ತಳ್ಳುತ್ತಾರೆ, ನೂಕುತ್ತಾರೆ. ಬೆಲ್ಲು ಒತ್ತುವುದು, ಕಾಲು ಒತ್ತುವುದು, ಶ್ಯಾವಿಗೆ ಒತ್ತುವುದು ಸರಿ. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ಬಾಗಿಲು ಜನ ಓಡುವ ದಿಕ್ಕಿಗೇ ತೆರೆದುಕೊಳ್ಳಬೇಕು, ಹಿಂದಿನಿಂದ ಜನ ಒತ್ತರಿಸಿ ಬಂದಾಗ ಒಳಗೆ ಎಳೆಯಲು ಜಾಗವೇ ಇರುವುದಿಲ್ಲ. ಹಾಗಾಗಿ ಈ ಒಂದು ಕ್ರಿಯಾಪದ ಸರಿಯಾಗಿರುವುದು ಮುಖ್ಯ. ನಾನು 'ದೂಡಿ' ಅಂತ ಬರೆಸಬೇಕೆಂದಿದ್ದೇನೆ. ಅದು ಕರಾವಳಿಯ ಮಾತು, ಬೋರ್ಡಿಗೆ ಗೌರವ ಇರುವುದಿಲ್ಲ ಅಂತ ಮ್ಯಾನೇಜರ್ ತಕರಾರು. ಬಾಗಿಲಿಗೆ ಗೌರವ ಯಾಕೆ ಬೇಕೋ ನನಗೆ ತಿಳಿಯಲಿಲ್ಲ.

ಮೂರನೆಯದು, ಎಲ್ಲರೂ ಹೊರಗೆ ಬಂದು ಸೇರುವ ಜಾಗದ ಬೋರ್ಡು. ಅದಕ್ಕೆ 'ಜೋಡಣಾ ಬಿಂದು' ಅಂತ ಹಾಕಿದ್ದಾರೆ! ಸೈಕಲ್ ಬಿಡಿಭಾಗ ಜೋಡಿಸುವ ಹಾಗೆ. ಕೆಳಗಿನ ಚಿತ್ರ ಮಾತ್ರ ಸರಿಯಾಗಿದೆ. ಹಸಿರು ಹಲಗೆ, ನಡುವೆ ನಾಲ್ಕು ಜನ, ನಾಲ್ಕು ಮೂಲೆಯಿಂದ ಅವರ ಕಡೆಗೆ ಬಾಣದ ಗುರುತು. ಎಲ್ಲಾ ಕಡೆಯಿಂದ ಇಲ್ಲಿಗೆ ಬನ್ನಿ ಅಂತ ಅದರ ಅರ್ಥ. ಆದರೆ ನಮ್ಮ ಹೆಂಗಸರು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರು. "ಅಯ್ಯೋ, ಚಕ್ರವ್ಯೂಹದ ಅಭಿಮನ್ಯು ಇದ್ದ ಹಾಗಿದೆ, ನಾಲ್ಕೂ ಕಡೆಯಿಂದ ಬಾಣ" ಅಂದರು. ಅದರಿಂದ ಹೊರಗೆ ಬರುವ ದಾರಿ ಅವನಿಗೆ ಗೊತ್ತಿರಲಿಲ್ಲ ಅಲ್ವಾ, ಕೇಳಿ ನನಗೆ ಯಾಕೋ ಸರಿ ಕಾಣಲಿಲ್ಲ. ಇದನ್ನು 'ಎಲ್ಲರೂ ಸೇರುವ ಜಾಗ' ಅಂತ ಬದಲಿಸುವುದೆಂದು ಆಗಲೇ ತೀರ್ಮಾನ ಆಗಿದೆ. ಗೇಟಿನ ಹತ್ತಿರ ಮಾವಿನ ಮರದ ಕೆಳಗೆ.

ಇನ್ನು ಲಿಫ್ಟ್ ಬಳಸಬೇಡಿ ಎಂಬ ಬೋರ್ಡೂ ಕಟ್ಟಿನಲ್ಲಿ ಬಂದಿದೆ. ನಮ್ಮದು ಹಂಚಿನ ಮಾಡು, ಒಂದೇ ಅಂತಸ್ತು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಬೋರ್ಡಿನ ಜೊತೆ ಆರು ಕೈಪಟ್ಟಿ ಬಂದಿವೆ. ಅದರ ಮೇಲೆ 'ಅಗ್ನಿ ವಾರ್ಡನ್' ಅಂತ ಇದೆ. ಪಾಳಿಗೆ ಮೂವರಂತೆ ಆರು ಜನ ಆಗಬೇಕು. ಯಾರಾಗ್ತೀರಿ ಅಂತ ಕೇಳಿದರೆ ಒಬ್ಬರೂ ಮುಂದೆ ಬರಲಿಲ್ಲ. ವಾರ್ಡನ್ ಅಂದರೆ ಇಲ್ಲಿ ಹಾಸ್ಟೆಲ್ ವಾರ್ಡನ್. ರಾತ್ರಿ ಎಂಟಕ್ಕೆ ಗೇಟು ಹಾಕಿ, ತಡವಾಗಿ ಬಂದ ಹುಡುಗಿಯರಿಗೆ ಬೈಯುವವರು. ಇಲ್ಲದಿದ್ದರೆ ಜೈಲಿನವರು. ಎರಡೂ ಕಡೆ ವಾರ್ಡನ್ ಕೆಲಸ ಜನರನ್ನು ಒಳಗೆ ಇಡುವುದು. ಫೈರ್ ವಾರ್ಡನ್ ಕೆಲಸ ತದ್ವಿರುದ್ಧ, ಜನರನ್ನು ಹೊರಗೆ ಹಾಕುವುದು.

ಅಂದ ಹಾಗೆ ಇಂಗ್ಲಿಷಿನ ವಾರ್ಡನ್, ಗಾರ್ಡಿಯನ್ ಎರಡೂ ಒಂದೇ ಮೂಲದವು. ಗಾರ್ಡ್ ಮತ್ತು ವಾರ್ಡ್ ಕೂಡ ಹಾಗೇ. ನಗರಸಭೆಯ ವಾರ್ಡು, ಆಸ್ಪತ್ರೆಯ ವಾರ್ಡು ಎಲ್ಲದರ ಹಿಂದೆ ಇರುವುದು ನೋಡಿಕೊಳ್ಳುವ, ಕಾಯುವ ಅರ್ಥವೇ. ಅಂದರೆ ಮೂಲದಲ್ಲಿ ಪದ ಚೆನ್ನಾಗಿಯೇ ಇದೆ. ಕನ್ನಡಕ್ಕೆ ಬರುವಾಗ ಹಾಸ್ಟೆಲಿನ ಬೀಗದ ಕೈ ಹಿಡಿದುಕೊಂಡು ಬಂದಿದೆ, ಅಷ್ಟೇ.

ಹಾಗಾದರೆ ಕನ್ನಡ ಮಾಡೋಣ ಅಂತ ಕೂತೆ. ಮೊದಲು ಹೊಳೆದಿದ್ದು 'ಅಗ್ನಿಶಾಮಕ ಸಿಬ್ಬಂದಿ'. ಅದು ಸರ್ಕಾರದ ಕೆಂಪು ಗಾಡಿಯವರ ಹೆಸರು. ಇಲಾಖೆಯ ಹೆಸರೇ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಆ ಹೆಸರು ನಮ್ಮ ಹೆಂಗಸರ ತೋಳಿಗೆ ಕಟ್ಟಿದರೆ ಅವರು ಬೆಂಕಿಗೆ ಎದುರು ಹೋಗಬೇಕು ಅಂತ ಅರ್ಥ ಬರುತ್ತದೆ. ಇಲ್ಲಿಯೇ ಎಡವಟ್ಟು. ವಾರ್ಡನ್‌ನ ಮೊದಲ ಕೆಲಸ ಬೆಂಕಿ ಆರಿಸುವುದಲ್ಲ. ಗಂಟೆ ಹೊಡೆದ ಕೂಡಲೇ ತನ್ನ ಭಾಗದ ಜನರನ್ನು ಹೊರಡಿಸಬೇಕು. ಪಾಯಿಖಾನೆ, ಬಟ್ಟೆ ಬದಲಿಸುವ ಕೋಣೆ, ಗೋದಾಮಿನ ಮೂಲೆ ನೋಡಿ ಯಾರೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ನಡೆಯಲು ಆಗದವರಿಗೆ ಜೊತೆ ಮಾಡಿಕೊಡಬೇಕು. ಬರುವಾಗ ಬಾಗಿಲು ಮುಚ್ಚಿಕೊಂಡು ಬರಬೇಕು, ಬೀಗ ಮಾತ್ರ ಹಾಕಬಾರದು, ಮುಚ್ಚಿದ ಬಾಗಿಲು ಹೊಗೆಯನ್ನು ತಡೆಯುತ್ತದೆ. ಮರದ ಕೆಳಗೆ ತಲೆ ಎಣಿಸಿ, ಕೆಂಪು ಗಾಡಿ ಬಂದ ಮೇಲೆ ಒಳಗೆ ಯಾರಾದರೂ ಇದ್ದಾರಾ ಇಲ್ವಾ ಅಂತ ಅವರಿಗೆ ಹೇಳಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಎತ್ತರದ ಕಟ್ಟಡಗಳ ಬಗ್ಗೆ ಹೇಳುವಾಗ ಈ ಫೈರ್ ವಾರ್ಡನ್ ಬರುತ್ತಾನೆ. ಅಲ್ಲೂ ಅವನ ಕೆಲಸ ತನ್ನ ಮಹಡಿಯ ಜನರನ್ನು ಇಳಿಸುವುದೇ. ಸಣ್ಣ ಬೆಂಕಿಯಾದರೆ, ಬೆನ್ನ ಹಿಂದೆ ಬಾಗಿಲು ಇದ್ದರೆ, ಕಲಿತಿದ್ದರೆ ಮಾತ್ರ ಆರಿಸಲು ಕೈ ಹಾಕಬಹುದು. ಗೇರು ಸಿಪ್ಪೆಯ ಎಣ್ಣೆಗೆ ಹತ್ತಿದ ಬೆಂಕಿ ಅಂಥದ್ದಲ್ಲ ಬಿಡಿ. ಅದರ ಮೇಲೆ ನೀರು ಸುರಿದರೆ ಎಣ್ಣೆ ತೇಲಿಕೊಂಡು ಬೆಂಕಿಯನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ.

ಬೆಂಕಿ ಇಲ್ಲದ ದಿನದ ಕೆಲಸವೇ ಜಾಸ್ತಿ ಅಂತ ಹೇಳಬೇಕು. ಹಿಂದಿನ ಬಾಗಿಲಿಗೆ ಅಡ್ಡ ಚೀಲ ಪೇರಿಸಲು ಬಿಡಬಾರದು. ನಮ್ಮಲ್ಲಿ ಬೋರ್ಡು ಹೊಡೆಯಲು ಹೋದ ದಿನ ಆ ಬಾಗಿಲು ಕಾಣಬೇಕಾದರೆ ಮೊದಲು ಮೂವತ್ತು ಚೀಲ ಸರಿಸಬೇಕಾಯಿತು.

ಶಾಮಕ ಪದದ ಬಗ್ಗೆ ಒಂದು ಮಾತು, ವಿಷಯ ಬಿಟ್ಟು ಹೋದರೂ ಚಿಂತೆಯಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ದೀಪ ಆರಿಸು ಅನ್ನಲು ಬಿಡುತ್ತಿರಲಿಲ್ಲ, ಅಪಶಕುನ. ದೀಪ ಶಾಂತ ಮಾಡು ಅನ್ನಬೇಕು. ಶಾಂತ, ಶಮನ, ಶಾಮಕ ಎಲ್ಲಾ ಒಂದೇ ಧಾತು. ಅಂದರೆ ಅಗ್ನಿಶಾಮಕದವರು ಬೆಂಕಿಯನ್ನು ಸಮಾಧಾನ ಮಾಡುವವರು! ಅಜ್ಜಿ ದೇವರ ಮುಂದೆ ಮಾಡುತ್ತಿದ್ದ ಕೆಲಸವನ್ನೇ ಇವರು ಪೈಪು ಹಿಡಿದು ಮಾಡುತ್ತಾರೆ. ನಂದಿಸು ಎನ್ನುವುದೂ ಒಳ್ಳೆಯ ಪದವೇ, ನಂದದ ದೀಪ ನಂದಾದೀಪ. 'ಆರಿಸು' ಬೋರ್ಡಿಗೆ ಹಾಕಲು ಮಾತ್ರ ಸ್ವಲ್ಪ ಕಷ್ಟ, ಯಾಕೆಂದರೆ ಆಯ್ಕೆ ಮಾಡುವುದಕ್ಕೂ ಅದೇ ಪದ. ನಮ್ಮ ನೋಟಿಸಿನ ಮೊದಲ ಪ್ರತಿಯಲ್ಲಿ ನಾನೇ ಬರೆದಿದ್ದೆ, 'ಬೆಂಕಿ ಆರಿಸಲು ಪ್ರತಿ ಪಾಳಿಯಲ್ಲಿ ಮೂವರನ್ನು ಆರಿಸಿ.'

ಇದಕ್ಕಿಂತ ಅಪಾಯದ ಪದ ಇನ್ನೊಂದಿದೆ, ಸಿಲಿಂಡರ್. ಗೋಡೆಗೆ ನೇತುಹಾಕಿದ ಬೆಂಕಿ ಆರಿಸುವ ಕೆಂಪು ಡಬ್ಬಿಗೆ ನಮ್ಮಲ್ಲಿ ಎಲ್ಲರೂ ಹೇಳುವುದು ಸಿಲಿಂಡರ್ ಅಂತಲೇ. ಚಹಾ ಮಾಡುವ ಕೋಣೆಯಲ್ಲಿ ಅಡುಗೆ ಗ್ಯಾಸಿನ ಸಿಲಿಂಡರೂ ಇದೆ, ಅದೂ ಕೆಂಪೇ. ಗಡಿಬಿಡಿಯಲ್ಲಿ ಒಬ್ಬರು "ಸಿಲಿಂಡರ್ ತಗೊಂಡು ಬಾ" ಅಂತ ಕೂಗಿದರೆ ಹೊಸ ಹುಡುಗ ಯಾವುದನ್ನು ತರುತ್ತಾನೆ? ಅಗ್ನಿನಂದಕ ಅಂತ ಬರೆದದ್ದು ನೋಡಿದ್ದೇನೆ, ಬರಹಕ್ಕೆ ಸರಿ, ಆದರೆ ಕೂಗಲು ಆಗುವುದಿಲ್ಲ. ಇದಕ್ಕೆ ಬಾಯಲ್ಲಿ ನಿಲ್ಲುವ ಎರಡು ಮೂರು ಅಕ್ಷರದ ಹೆಸರು ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.

ಕೂಗುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಬೋರ್ಡಿನ ಕನ್ನಡಕ್ಕೆ ನನ್ನ ಪರೀಕ್ಷೆ ಇದೊಂದೇ. ಬೆಂಕಿ ಬಿದ್ದಾಗ "ಅಗ್ನಿ, ಅಗ್ನಿ" ಅಂತ ಯಾರೂ ಕೂಗುವುದಿಲ್ಲ. ಅಗ್ನಿ ಹೋಮದ ಕುಂಡದಲ್ಲಿ, ಮದುವೆಯ ಸಾಕ್ಷಿಯಲ್ಲಿ. ಗೋದಾಮಿಗೆ ಬೀಳುವುದು ಬೆಂಕಿ. ಕಾರವಾರದ ಕಡೆಯಿಂದ ಬಂದ ಕೊಂಕಣಿಯವರು ಉಜೊ ಅಂತಾರೆ. ಹಾಗಾಗಿ ಬಾಗಿಲಿಗೆ 'ತುರ್ತು ನಿರ್ಗಮನ'ಕ್ಕಿಂತ 'ಬೆಂಕಿ ಬಿದ್ದರೆ ಇಲ್ಲಿಂದ ಹೊರಗೆ' ಅಂತಲೇ ಇರಲಿ ಎಂಬುದು ನನ್ನ ವಾದ. ಉದ್ದ ಆಯ್ತು, ನಿಜ.

ಮ್ಯಾನೇಜರ್ ಹೇಳುವುದು, ಓಡುವ ಮನುಷ್ಯನ ಹಸಿರು ಚಿತ್ರ ಇದೆಯಲ್ಲ, ಅಕ್ಷರ ಯಾಕೆ? ಜಪಾನಿನ ಯುಕಿಯೊ ಓಟಾ ರೂಪಿಸಿದ ಚಿತ್ರ ಅದು, ಈಗ ಲೋಕದ ಎಷ್ಟೋ ದೇಶಗಳಲ್ಲಿ ಇದೆ, ಓದಲು ಬಾರದವರಿಗೂ ಆಗುತ್ತದೆ. ಒಪ್ಪುತ್ತೇನೆ. ಆದರೂ ಮೊದಲ ದಿನ ನಮ್ಮಲ್ಲಿ ಇಬ್ಬರು ಅದನ್ನು ಪಾಯಿಖಾನೆಯ ಬೋರ್ಡು ಅಂದುಕೊಂಡರು, ಅವಸರವಾಗಿ ಓಡುತ್ತಿದ್ದಾನೆ ಅಂತ. ಬಣ್ಣದ ಲೆಕ್ಕವೂ ಹೇಳಿಕೊಡದೆ ಬರುವುದಿಲ್ಲ. ಹಸಿರು ಅಂದರೆ ಪಾರಾಗುವ ದಾರಿ, ಕೆಂಪು ಚೌಕ ಅಂದರೆ ಬೆಂಕಿ ಆರಿಸುವ ಸಾಮಾನು, ಹಳದಿ ತ್ರಿಕೋನ ಅಂದರೆ ಎಚ್ಚರಿಕೆ, ನೀಲಿ ದುಂಡು ಅಂದರೆ ಇದನ್ನು ಮಾಡಲೇಬೇಕು. ಹಳಬರಿಗೆ ಇದು ಗೊಂದಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಮಿನಲ್ಲಿ ಮೊದಲು ಇದ್ದದ್ದೇ ಕೆಂಪು ಅಕ್ಷರ. ಬೆಂಕಿಯಿಂದ ಪಾರಾಗುವ ಬಾಗಿಲು, ಕಿಟಕಿಗಳ ಮೇಲೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ, ಸಾಕಷ್ಟು ದೊಡ್ಡ ಕೆಂಪು ಅಕ್ಷರದಲ್ಲಿ ಬರೆದಿರಬೇಕು, ಇಲ್ಲವೇ ಸುಲಭವಾಗಿ ತಿಳಿಯುವ ಬೇರೆ ಗುರುತು ಹಾಕಬೇಕು ಅಂತ ಇತ್ತು. 1987ರ ತಿದ್ದುಪಡಿಯಲ್ಲಿ ಆ ಕಲಮನ್ನು ಬದಲಿಸಿ ಬರೆದರು. ಕೆಂಪು ಹೋದರೆ ಹೋಗಲಿ, 'ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆ' ಎನ್ನುವ ಮಾತನ್ನು ನಾನು ಮ್ಯಾನೇಜರ್ ಮೇಜಿನ ಮೇಲೆ ಬರೆದು ಅಂಟಿಸಿದ್ದೇನೆ.

ವಾರ್ಡನ್‌ಗೆ ವಾಪಸ್ ಬರುತ್ತೇನೆ. ಶಿರಸಿಯ ಗೆಳೆಯನೊಬ್ಬ 'ಬೆಂಕಿ ಕಾವಲು' ಅಂತ ಸೂಚಿಸಿದ. ಅವರ ಕಡೆ ಬೇಸಿಗೆಯಲ್ಲಿ ಕಾಳ್ಗಿಚ್ಚು ನೋಡಿಕೊಳ್ಳಲು ಅರಣ್ಯ ಇಲಾಖೆಯವರು ಜನ ಇಡುತ್ತಾರೆ, ಬೆಂಕಿ ರೇಖೆ ಕಡಿಸುತ್ತಾರೆ. ಪದ ಚೆಂದ ಇದೆ. ಆದರೆ ಅಲ್ಲಿ ಕಾಯುವುದು ಕಾಡನ್ನು, ಕಣ್ಣು ಇರುವುದು ಬೆಂಕಿಯ ಮೇಲೆ. ನಮಗೆ ಬೇಕಾದವರ ಕಣ್ಣು ಜನರ ಮೇಲೆ ಇರಬೇಕು. ಮುಕಾದಮ ಆಗುವುದಿಲ್ಲ, ಅದು ಕೂಲಿ ಕಡಿಯುವವನ ಹೆಸರು. ರಕ್ಷಕ, ಪಾಲಕ ಎಲ್ಲಾ ಹಾಕಿ ನೋಡಿದೆ, ಎಲ್ಲವೂ ಸನ್ಮಾನ ಪತ್ರದ ಪದದ ಹಾಗೆ ಕೇಳಿಸುತ್ತವೆ.

ಕಡೆಗೆ ಪದ ಕೊಟ್ಟವರು ಆ ಸಿಪ್ಪೆ ತೆಗೆಯುವ ಅಕ್ಕನೇ. ಅವರ ಗಂಡ ತದಡಿಯಲ್ಲಿ ದೋಣಿಗೆ ಹೋಗುವವರು. ನಾನು ಕೆಲಸ ಏನು ಅಂತ ಪೂರ್ತಿ ವಿವರಿಸಿದೆ. ಹೊರಡಿ ಅಂದಾಗ ಎಲ್ಲರೂ ಹೊರಡಬೇಕು, ಎದುರು ಮಾತಿಲ್ಲ, ಎಲ್ಲರೂ ಬಂದರಾ ಅಂತ ನೋಡುವ ಜವಾಬ್ದಾರಿ ಅವರದ್ದು ಅಂತ. ಅವರು ಕೇಳಿ, "ಅಷ್ಟೇಯಾ? ತಾಂಡೇಲ ಅನ್ನಿ ಮತ್ತೆ" ಅಂದರು. ತಾಂಡೇಲ ಅಂದರೆ ಮೀನಿನ ದೋಣಿ ನಡೆಸುವ ಮುಖ್ಯಸ್ಥ, ದೋಣಿಯಲ್ಲಿ ಅವನ ಮಾತೇ ಮಾತು. ಅವನು ಮೀನನ್ನೂ ನೋಡುತ್ತಾನೆ, ಗಾಳಿಯನ್ನೂ ನೋಡುತ್ತಾನೆ, ಆದರೆ ಹೋದವರನ್ನು ದಡಕ್ಕೆ ತರುವುದು ಅವನ ತಲೆಯ ಮೇಲೆ. ಸುಮ್ನೆ ನಗಲು ಹೇಳಿದ್ದು, ಒಂದು ವಾರದಲ್ಲಿ ಬಾಯಲ್ಲಿ ನಿಂತುಬಿಟ್ಟಿದೆ. 'ಬೆಂಕಿ ತಾಂಡೇಲ' ಆಗಲು ಈಗ ಒಂಬತ್ತು ಜನ ತಯಾರಿದ್ದಾರೆ, ಇರುವುದು ಆರು ಪಟ್ಟಿ.

ನನ್ನ ತೊಂದರೆ ಇಷ್ಟು. ಮಾತಿಗೆ ಸರಿ, ಆದರೆ ತಪಾಸಣೆಗೆ ಬರುವ ಅಧಿಕಾರಿ ಬಯಲುಸೀಮೆಯವರಾದರೆ ಪಟ್ಟಿಯ ಮೇಲೆ ತಾಂಡೇಲ ಅಂತ ಓದಿ ಏನು ತಿಳಿಯಬೇಕು? ಹೆಂಗಸರಿಗೆ ತಾಂಡೇಲ ಅಂತಲೇ ಹೇಳುವುದಾ, ತಾಂಡೇಲಿ ಅಂದರೆ ದಾಂಡೇಲಿ ಅಂದ ಹಾಗೆ ಆಗುತ್ತದೆ. ಪಟ್ಟಿಯ ಮೇಲೆ ಒಂದು, ಬಾಯಲ್ಲಿ ಇನ್ನೊಂದು ಇಟ್ಟುಕೊಳ್ಳಬಹುದು ಅಂತ ಮ್ಯಾನೇಜರ್ ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ, ಹೊಗೆಯ ನಡುವೆ ಪಟ್ಟಿ ನೋಡಿದವರು ಕೂಗಿದ ಹೆಸರನ್ನೇ ಹುಡುಕುತ್ತಾರೆ.

ನಿಮ್ಮ ಆಫೀಸು, ಶಾಲೆ, ಬಂದರು, ಅಡಿಕೆ ವಖಾರಿಯಲ್ಲಿ ಇವರಿಗೆ ಏನಂತೀರಿ? ಕೆಂಪು ಡಬ್ಬಿಗೆ ಏನಂತೀರಿ? 'ದೂಡಿ' ಅಂತ ಬೋರ್ಡು ಹಾಕಿದ ಊರು ಎಲ್ಲಾದರೂ ಉಂಟಾ? ಇದ್ದರೆ ಒಂದು ಫೋಟೋ ಕಳಿಸಿ, ಮ್ಯಾನೇಜರಿಗೆ ತೋರಿಸಬೇಕು. ಈ ಸಲ ಬೋರ್ಡು ಬರೆಯುವವನು ಊರಿನವನೇ, ಸೋಮವಾರದ ತನಕ ಕಾಯ್ತೇನೆ ಅಂದಿದ್ದಾನೆ.