ವೇಷ ಬದಲಿಸಿದ ಮೇಲೆ ಕಳೆ ಬಂದ ಕಾಮಿಕ್ಸ್ ವೀರರು ಯಾರು? ಒಬ್ಬ ದರ್ಜಿಯ ಪ್ರಶ್ನೆ

ತುಮಕೂರಿನ ದರ್ಜಿ

ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ವರ್ಷದ ಬಹುಪಾಲು ರವಿಕೆ ಮತ್ತು ಶಾಲೆಯ ಸಮವಸ್ತ್ರ. ಬೇಸಿಗೆಯಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕಗಳು ಶುರುವಾದರೆ ಮಖಮಲ್ಲು, ಜರಿಪಟ್ಟಿ. ಡಿಸೆಂಬರ್ ಬಂತೆಂದರೆ ಶಾಲಾ ವಾರ್ಷಿಕೋತ್ಸವ. ಈಚಿನ ವರ್ಷಗಳಲ್ಲಿ ಒನಕೆ ಓಬವ್ವನ ಸೀರೆಯ ಜೊತೆಗೆ ಅಮೆರಿಕದ ಕಾಮಿಕ್ಸ್ ವೀರರ ವೇಷಗಳನ್ನೂ ಹೊಲಿಯುತ್ತಿದ್ದೇನೆ. ಚಿತ್ರ ನೋಡಿ ಹೊಲಿದರೆ ಸಾಲದು, ಆ ಮನುಷ್ಯ ಯಾರೆಂದು ತಿಳಿಯಬೇಕು ಎಂದು ಮಗಳ ಪುಸ್ತಕಗಳನ್ನು ಓದಲು ಹಿಡಿದೆ. ಈಗ ನಾಲ್ಕು ವರ್ಷವಾಯಿತು.

ಹಳೆಯ ವೇಷ ಕಳಚಿ ಹೊಸದನ್ನು ತೊಟ್ಟವರಲ್ಲಿ ನಿಮಗೆ ಯಾರು ಇಷ್ಟ? ಚೆನ್ನಾಗಿದೆ ಎಂದಷ್ಟೇ ಬರೆಯಬೇಡಿ. ಏನನ್ನು ಕತ್ತರಿಸಿದರು, ಏನನ್ನು ಉಳಿಸಿದರು ಎಂಬುದನ್ನು ಹೇಳಿ.

ನನಗೆ ಡೇರ್‌ಡೆವಿಲ್. 1964ರಲ್ಲಿ ಮೊದಲ ಸಂಚಿಕೆ ಬಂದಾಗ ಅವನದು ಹಳದಿ ವೇಷ, ಸರ್ಕಸ್ಸಿನವರು ತೊಡುವಂತಹದು. ಎದೆಯ ಮೇಲೆ ಒಂದೇ ಡಿ ಅಕ್ಷರ. ಕಣ್ಣು ಕಾಣದ ಹುಡುಗ ತನ್ನ ವೇಷವನ್ನು ತಾನೇ ಹೊಲಿದುಕೊಂಡ ಎಂದು ಓದಿದಾಗ ನಾನು ಪುಟ ತಿರುಗಿಸದೆ ಕುಳಿತಿದ್ದೆ. ಸೂಜಿಯ ಕೆಲಸದಲ್ಲಿ ಬೆರಳಿಗೆ ಎಷ್ಟು ತಿಳಿಯುತ್ತದೆ ಎಂಬುದು ನನಗೆ ಗೊತ್ತು. ಏಳನೆಯ ಸಂಚಿಕೆಯಲ್ಲಿ, 1965ರಲ್ಲಿ, ವಾಲಿ ವುಡ್ ಎಂಬ ಚಿತ್ರಕಾರ ಹಳದಿಯನ್ನು ಪೂರ್ತಿ ತೆಗೆದು ಅಡಿಯಿಂದ ಮುಡಿಯವರೆಗೆ ಕೆಂಪು ಮಾಡಿದ. ತಲೆಯ ಪುಟ್ಟ ಕೊಂಬುಗಳು ಉಳಿದವು. ಎದೆಯ ಡಿ ಅಷ್ಟರಲ್ಲಿ ಜೋಡಿಯಾಗಿತ್ತು. ಹೊಸ ವೇಷದ ಆ ಮೊದಲ ಕಥೆಯಲ್ಲೇ ಅವನು ಸಮುದ್ರದ ರಾಜ ನೇಮರ್‌ನ ಕೈಯಲ್ಲಿ ಪೆಟ್ಟು ತಿಂದು ನೆಲಕ್ಕೆ ಬೀಳುತ್ತಾನೆ, ಆದರೂ ಬಿಡದೆ ಮತ್ತೆ ಏಳುತ್ತಾನೆ. ಮೊದಲ ದಿನವೇ ಬಟ್ಟೆ ಹರಿದರೂ ಮರ್ಯಾದೆ ಉಳಿಯಿತು.

ನನ್ನ ಅಳತೆ ನಾಟಕದಿಂದ ಬಂದದ್ದು. ರಾತ್ರಿ ಎರಡು ಗಂಟೆಗೆ ಕೊನೆಯ ಚಾಪೆಯಲ್ಲಿ ಅರೆನಿದ್ದೆಯಲ್ಲಿರುವವನು ಕಣ್ಣು ಬಿಟ್ಟ ತಕ್ಷಣ ರಂಗದ ಮೇಲಿರುವವನು ಭೀಮನೋ ದುರ್ಯೋಧನನೋ ಎಂದು ಗುರುತಿಸಬೇಕು. ಆ ಹಳದಿ ವೇಷದಲ್ಲಿ ಅದು ಆಗುತ್ತಿರಲಿಲ್ಲ. ಬಣ್ಣ ಮೂರು ಕಡೆಗೆ ಹರಿದುಹೋಗುತ್ತಿತ್ತು.

ಕೆಜಿಎಫ್ ಶಿಕ್ಷಕಿ

ನಿಮ್ಮ ಅಳತೆಯನ್ನು ನಾನು ಒಪ್ಪುವುದಿಲ್ಲ. ದೂರದಿಂದ ಗುರುತು ಸಿಕ್ಕರೆ ಸಾಕೆ? ತೊಟ್ಟವಳಿಗೆ ಅದು ಒಪ್ಪಬೇಡವೇ?

ಕ್ಯಾರಲ್ ಡ್ಯಾನ್ವರ್ಸ್‌ಳನ್ನು ತೆಗೆದುಕೊಳ್ಳಿ. ವಾಯುಪಡೆಯಲ್ಲಿ ವಿಮಾನ ಹಾರಿಸಿದವಳು. 1977ರಲ್ಲಿ ಮಿಸ್ ಮಾರ್ವೆಲ್ ಆದಾಗ ಅವಳಿಗೆ ಹೊಟ್ಟೆ ಕಾಣುವ ಬಟ್ಟೆ ಕೊಟ್ಟರು. ಮರುವರ್ಷ ಡೇವ್ ಕಾಕ್ರಮ್ ಬರೆದದ್ದು ಕಪ್ಪು ಈಜುಡುಗೆಯಂತಹದು, ಎದೆಯಿಂದ ಇಳಿಯುವ ಹಳದಿ ಮಿಂಚು, ಸೊಂಟಕ್ಕೆ ಕೆಂಪು ವಸ್ತ್ರ. ಅದು ಎಷ್ಟು ದೂರದಿಂದಲಾದರೂ ಗುರುತಾಗುತ್ತದೆ, ನಿಮ್ಮ ಕೊನೆಯ ಚಾಪೆಯವನಿಗೂ. ಆದರೆ ಅದರಲ್ಲಿ ಪೈಲಟ್ ಎಲ್ಲಿದ್ದಾಳೆ? 2012ರಲ್ಲಿ ಅವಳು ಕ್ಯಾಪ್ಟನ್ ಮಾರ್ವೆಲ್ ಆದಾಗ ಜೇಮೀ ಮೆಕೆಲ್ವೀ ಬರೆದ ವೇಷದಲ್ಲಿ ಇದ್ದಾಳೆ. ಕುತ್ತಿಗೆಯವರೆಗೆ ಮುಚ್ಚಿದ ನೀಲಿ ಕೆಂಪು ಉಡುಪು, ವಿಮಾನ ಚಾಲಕರ ಒಂದೇ ತುಂಡಿನ ಸಮವಸ್ತ್ರದ ಧಾಟಿ, ಎದೆಯ ಮೇಲೆ ಬಂಗಾರದ ನಕ್ಷತ್ರ. ಸೊಂಟದ ಕೆಂಪು ವಸ್ತ್ರವನ್ನು ಮಾತ್ರ ಹಳೆಯದರಿಂದ ಉಳಿಸಿಕೊಂಡರು. ಮೂವತ್ತು ವರ್ಷ ಅವಳನ್ನು ಓದಿದವರಿಗೆ ಆ ಒಂದು ತುಂಡು ಬಟ್ಟೆ ಸಾಕು.

ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಈ ವೇಷದ ಚಿತ್ರವನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡಿದ್ದಾಳೆ. ಹಳೆಯದನ್ನು ಅವಳು ಬರೆಯುತ್ತಿರಲಿಲ್ಲ, ಬರೆದಿದ್ದರೆ ಮನೆಯಲ್ಲಿ ಬಿಡುತ್ತಿರಲಿಲ್ಲ.

ಚಿಂತಾಮಣಿಯ ಮುದ್ರಕ

ವೇಷವಲ್ಲ, ಚರ್ಮದ ಬಣ್ಣ, ಆದರೂ ಹೇಳುತ್ತೇನೆ. ಹಲ್ಕ್ 1962ರ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು. ಎರಡನೆಯದರಲ್ಲಿ ಹಸಿರು. ಕಾರಣ ಮುದ್ರಣ. ಬೂದು ಒಂದೊಂದು ಪುಟದಲ್ಲಿ ಒಂದೊಂದು ರೀತಿ ಬಂದಿತ್ತು, ಕೆಲವೆಡೆ ಹಸಿರಿಗೇ ತಿರುಗಿತ್ತು. ನಾನು ಆಫ್‌ಸೆಟ್‌ನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು. ಬಣ್ಣದ ಶಾಯಿಗಳನ್ನು ಕೂಡಿಸಿ ಬೂದು ತರಬೇಕಾದರೆ ಯಾವುದಾದರೂ ಒಂದು ಶಾಯಿ ಕೂದಲೆಳೆಯಷ್ಟು ಹೆಚ್ಚಾದರೂ ಬಣ್ಣ ವಾಲುತ್ತದೆ. ಇನ್ನೂರನೆಯ ಪತ್ರಿಕೆ ನೀಲಿ, ನಾನೂರನೆಯದು ಕಂದು. ಹಸಿರು ಹಾಗಲ್ಲ, ಹೇಳಿದ ಮಾತು ಕೇಳುತ್ತದೆ. ಅರುವತ್ತು ವರ್ಷಗಳಿಂದ ಜಗತ್ತು ಗುರುತಿಸುವ ಆ ಹಸಿರು ಯಂತ್ರದ ಬಾಯಿಂದ ಬಂದದ್ದು. ನನ್ನ ವೃತ್ತಿಯವರಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇಡ.

ವೇಷವೇ ಬೇಕೆಂದರೆ 1984ರ ಸ್ಪೈಡರ್‌ಮ್ಯಾನ್‌ನ ಕಪ್ಪು ವೇಷ. ಅದರ ಮೂಲ ಕಲ್ಪನೆ ಒಬ್ಬ ಓದುಗನದು. ಪ್ರಕಾಶಕ ಸಂಸ್ಥೆ ಮಾರ್ವೆಲ್ ಅವನಿಗೆ 220 ಡಾಲರ್ ಕೊಟ್ಟು ಕೊಂಡಿತು. ಕೆಂಪು ನೀಲಿ ವೇಷದ ಮೇಲಿನ ಬಲೆಯ ಗೆರೆಗಳನ್ನು ಪ್ರತಿ ಚೌಕದಲ್ಲೂ ಎಳೆಯುವ ಕಷ್ಟವೂ ಅದರಲ್ಲಿ ತಪ್ಪಿತು. ಎದೆಯಿಂದ ಬೆನ್ನಿಗೆ ಕಾಲು ಚಾಚಿದ ಬಿಳಿ ಜೇಡ, ಉಳಿದದ್ದೆಲ್ಲ ಕಪ್ಪು. ಒಂದೇ ಶಾಯಿಯ ಕೆಲಸ!

ಶಿರಾ ಕಡೆಯವನು

ಒಂದೇ ಮಾತು. 2011ರಲ್ಲಿ ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ತೆಗೆದರು, 2018ರಲ್ಲಿ ಆ್ಯಕ್ಷನ್ ಕಾಮಿಕ್ಸ್‌ನ ಸಾವಿರನೆಯ ಸಂಚಿಕೆಯಲ್ಲಿ ಮತ್ತೆ ತೊಡಿಸಿದರು. ನನಗೆ ಆ ಮರಳುವಿಕೆಯೇ ಇಷ್ಟ. ನಮ್ಮ ತಾತ ಗರಡಿಯಲ್ಲಿ ಹನುಮಾನ್ ಚಡ್ಡಿ ತೊಟ್ಟು ತೊಡೆ ತಟ್ಟಿ ನಿಂತ ಫೋಟೊ ನಮ್ಮ ಮನೆಯ ನಡುಮನೆಯಲ್ಲಿದೆ. ಬಲಶಾಲಿಯ ಗುರುತು ಅದು, ಅಲ್ಲಿಯ ಸರ್ಕಸ್ಸಿನಲ್ಲೂ ಇಲ್ಲಿಯ ಮಟ್ಟಿಯಲ್ಲೂ.

ತುಮಕೂರಿನ ದರ್ಜಿ

ಮೇಡಂ, ನೀವು ಹೇಳಿದ್ದನ್ನು ಎರಡು ದಿನ ಯೋಚಿಸಿದೆ. ತೊಡುವವರ ಅಳತೆ ತೆಗೆಯದೆ ನೋಡುವವರ ಅಳತೆ ತೆಗೆದೆ, ನನ್ನ ತಪ್ಪು. ಆದರೆ ಎರಡೂ ಕೂಡಿಬರುವ ವೇಷ ಒಂದಿದೆ. ಅದನ್ನು ಈ ಡಿಸೆಂಬರ್‌ನಲ್ಲಿ ಹೊಲಿದೆ.

ನೈಟ್‌ವಿಂಗ್. ಬ್ಯಾಟ್‌ಮ್ಯಾನ್‌ನ ನೆರಳಿನಲ್ಲಿದ್ದ ರಾಬಿನ್ ಬೆಳೆದು 1984ರಲ್ಲಿ ಈ ಹೆಸರು ತೊಟ್ಟ. ಜಾರ್ಜ್ ಪೆರೆಜ್ ಬರೆದ ಆ ಮೊದಲ ವೇಷಕ್ಕೆ ಕಿವಿ ಮುಟ್ಟುವ ಕಾಲರ್ ಇತ್ತು. 1990ರ ದಶಕದ ನಡುವೆ ಕಾಲರ್ ಹೋಯಿತು, ಹಳದಿ ಹೋಯಿತು. ಉಳಿದದ್ದು ಕಪ್ಪು ಮೈ. ಎದೆಯ ನಡುವಿನಿಂದ ಎರಡೂ ಭುಜಗಳ ಮೇಲೆ ಹರಿದು ತೋಳಿಗುಂಟ ಇಳಿದು ಎರಡು ಬೆರಳುಗಳ ತುದಿ ಮುಟ್ಟುವ ಒಂದು ನೀಲಿ ಪಟ್ಟಿ. ಹುಟ್ಟಿನಿಂದ ಅವನು ಸರ್ಕಸ್ಸಿನ ತೂಗುಯ್ಯಾಲೆಯವನು, ಕೈಯಲ್ಲೇ ಬದುಕಿದವನು. ಆ ಪಟ್ಟಿ ಕಣ್ಣನ್ನು ಅವನ ಕೈಗೆ ಕರೆದೊಯ್ಯುತ್ತದೆ. 2011ರಲ್ಲಿ ನೀಲಿಯನ್ನು ಕೆಂಪು ಮಾಡಿದರು, 2016ರಲ್ಲಿ ನೀಲಿಗೇ ಬಂದರು. ಬರಲೇಬೇಕಿತ್ತು.

ಹೊಲಿಯುವುದು ಸುಲಭವಾಗಿರಲಿಲ್ಲ. ಪಟ್ಟಿಯನ್ನು ಮೇಲೆ ಇಟ್ಟು ಹೊಲಿದರೆ ಲೈಕ್ರಾ ಹಿಗ್ಗಿದಾಗ ಸುಕ್ಕುಗಟ್ಟುತ್ತದೆ. ಅದಕ್ಕೆ ಕಪ್ಪನ್ನು ಕತ್ತರಿಸಿ ನೀಲಿಯನ್ನು ನಡುವೆ ಕೂಡಿಸಿದೆ. ಭುಜದ ಹೊಲಿಗೆಯಲ್ಲಿ ಪಟ್ಟಿ ತುಂಡಾಗಿ ಕಾಣಬಾರದು, ಎರಡೂ ಅಂಚು ನೂಲಿನಷ್ಟೂ ಜಾರದೆ ಸೇರಬೇಕು. ಮೂರು ಸಲ ಬಿಚ್ಚಿದೆ. ಕೊನೆಗೆ ಕಂಕುಳಿಗೆ ವಜ್ರದಾಕಾರದ ಒಂದು ಕಪ್ಪು ತುಂಡು ಸೇರಿಸಿದ ಮೇಲೆ ತೋಳು ಸಡಿಲವಾಯಿತು. ಹುಡುಗನಿಗೆ ಒಂಬತ್ತು ವರ್ಷ. ತೊಡಿಸಿ, ಕಂಬಿ ಹಿಡಿದು ಜೋತಾಡುವವನಂತೆ ಎರಡೂ ಕೈ ಮೇಲೆತ್ತು ಎಂದೆ. ಎತ್ತಿದ. ಪಟ್ಟಿ ಎದೆಯಿಂದ ಬೆರಳ ತುದಿಯವರೆಗೆ ಎಲ್ಲೂ ಮುರಿಯದೆ ನಿಂತಿತು.

ಕೆಜಿಎಫ್ ಶಿಕ್ಷಕಿ

ಆ ಕಂಕುಳಿನ ತುಂಡಿನ ಅಳತೆ ಎಷ್ಟಿಟ್ಟಿರಿ? ನಮ್ಮ ಹುಡುಗಿಗೆ ಕ್ಯಾಪ್ಟನ್ ಮಾರ್ವೆಲ್ ಹೊಲಿಸಬೇಕೆಂದಿದ್ದೇನೆ.

ತುಮಕೂರಿನ ದರ್ಜಿ

ಒಂಬತ್ತು ವರ್ಷದವನಿಗೆ ಪ್ರತಿ ಬದಿ ಎರಡೂವರೆ ಇಂಚು. ನಿಮ್ಮ ಹುಡುಗಿಗೆ ಮೂರು ಇಡಿಸಿ. ಸೊಂಟದ ಕೆಂಪು ವಸ್ತ್ರಕ್ಕೆ ಸ್ಯಾಟಿನ್ ಬೇಡ, ಜಾರುತ್ತದೆ. ಕ್ರೇಪ್ ತನ್ನಿ, ಒಳಗಿನಿಂದ ಎರಡು ಟಿಚ್ ಬಟನ್ ಹಾಕಿಸಿ.