ಲ್ಯಾಪ್‌ಟಾಪ್‌ನಲ್ಲಿ ಟಿವಿ: ಡಾಂಗಲ್, ಆಂಟೆನಾ ಮತ್ತು ಒಂದು ದೋಸೆ ಕಾವಲಿ

ಕೇಳಿದವರು: ಓದಲು ಬರ್ಮಿಂಗ್‌ಹ್ಯಾಮ್‌ಗೆ ಬಂದಿದ್ದೇನೆ. ಬಾಡಿಗೆ ರೂಮಿನಲ್ಲಿ ಟಿವಿ ಇಲ್ಲ. ವೈಫೈ ಐದು ಜನಕ್ಕೆ ಹಂಚಿಹೋಗಿ ಸಂಜೆಯಾದರೆ ತೆವಳುತ್ತದೆ. ಯುಎಸ್‌ಬಿ ಟ್ಯೂನರ್ (ಪೆನ್‌ಡ್ರೈವ್‌ನಂಥ ಡಾಂಗಲ್) ಹಾಕಿದರೆ ಲ್ಯಾಪ್‌ಟಾಪ್‌ನಲ್ಲೇ ಟಿವಿ ಬರುತ್ತದಂತೆ. 8 ಪೌಂಡ್‌ಗೂ ಸಿಗುತ್ತದೆ, 60 ಪೌಂಡ್‌ಗೂ ಸಿಗುತ್ತದೆ. ಯಾವುದು ತಗೊಳ್ಳಲಿ? ಕನ್ನಡ ಚಾನೆಲ್ ಏನಾದರೂ ಬರುತ್ತಾ? ಬಳಸಿದವರು ಹೇಳಿ.

ಮೊದಲ ಉತ್ತರ, ಅದೇ ಊರಿನಲ್ಲಿ ಆರು ವರ್ಷ ಇದ್ದವರಿಂದ: ಕನ್ನಡ ಬರಲ್ಲ. ಆ ಆಸೆ ಇಲ್ಲೇ ಬಿಡಿ. ಹತ್ತಿರದ ಟವರ್ ಏನು ಕಳಿಸುತ್ತದೋ ಟ್ಯೂನರ್ ಅದನ್ನಷ್ಟೇ ಹಿಡಿಯುತ್ತದೆ. ಬ್ರಿಟನ್‌ನಲ್ಲಿ ಅದು ಫ್ರೀವ್ಯೂ ಎಂಬ ಉಚಿತ ಟಿವಿ ಸೇವೆ, ಅಂದರೆ ಬಿಬಿಸಿ, ಐಟಿವಿ, ಚಾನೆಲ್ 4 ಮುಂತಾದವು. ಇಂಟರ್ನೆಟ್ ಒಂದು ಹನಿಯೂ ಬೇಡ.

8 ಪೌಂಡ್‌ನದು ಬೇಡ. ಅಂಥವುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್‌ಟಿಎಲ್2832ಯು ಎಂಬ ಚಿಪ್. ಅದಕ್ಕೆ ಡಿವಿಬಿ-ಟಿ ಎಂಬ ಹಳೇ ಪ್ರಸಾರ ವಿಧಾನ ಮಾತ್ರ ಗೊತ್ತು. ಸಾದಾ ಚಾನೆಲ್‌ಗಳು ಬರುತ್ತವೆ. ಎಚ್‌ಡಿ ಬರುವುದು ಅದರ ಮುಂದಿನ ರೂಪವಾದ ಡಿವಿಬಿ-ಟಿ2ನಲ್ಲಿ, ಅದು ಬರಲ್ಲ. ಡಬ್ಬದ ಮೇಲೆ 'ಎಚ್‌ಡಿ' ಅಂತ ದೊಡ್ಡದಾಗಿ ಬರೆದಿದ್ದರೂ ನಂಬಬೇಡಿ. 'ಟಿ2' ಎಂಬ ಎರಡು ಅಕ್ಷರ ಹುಡುಕಿ.

ಆದರೆ ನಿಜವಾದ ತಲೆನೋವು ಡಾಂಗಲ್ ಅಲ್ಲ, ಆಂಟೆನಾ. ಮೊದಲು ರೂಮಿನ ಗೋಡೆಯಲ್ಲಿ ಆಂಟೆನಾ ಸಾಕೆಟ್ ಇದೆಯಾ ನೋಡಿ. ಅದು ಚಾವಣಿ ಮೇಲಿನ ಆಂಟೆನಾಗೆ ಸೇರಿದ್ದರೆ ನಿಮ್ಮ ಅದೃಷ್ಟ, ಮುಂದಿನದನ್ನು ಓದಲೇಬೇಡಿ. ನನಗೆ ಆ ಅದೃಷ್ಟ ಇರಲಿಲ್ಲ. ಡಾಂಗಲ್ ಜೊತೆ ಬಂದದ್ದು ಗೇಣುದ್ದದ ಕಡ್ಡಿ, ಅಡಿಯಲ್ಲಿ ಆಯಸ್ಕಾಂತ. ಮೇಜಿನ ಮೇಲೆ ನಿಲ್ಲಿಸಿ ಸ್ಕ್ಯಾನ್ ಮಾಡಿದರೆ ಸೊನ್ನೆ ಚಾನೆಲ್. ಅಡಿಯಲ್ಲಿ ಲೋಹ ಇದ್ದರೆ ಸಿಗ್ನಲ್ ಏರುತ್ತದೆ ಅಂತ ಯಾರೋ ಹೇಳಿದರು. ಅಮ್ಮ ಕೊಟ್ಟಿದ್ದ ಸ್ಟೀಲ್ ತಟ್ಟೆಗೆ ಆಯಸ್ಕಾಂತ ಅಂಟಲೇ ಇಲ್ಲ. ದೋಸೆ ಕಾವಲಿಗೆ ಟಪ್ ಅಂತ ಅಂಟಿತು! ಹನ್ನೊಂದು ಚಾನೆಲ್ ಬಂತು. ಆದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು.

ಆಮೇಲೆ ಗೊತ್ತಾದದ್ದು: ಅಲ್ಲಿನ ಸಟ್ಟನ್ ಕೋಲ್ಡ್‌ಫೀಲ್ಡ್ ಟವರ್‌ನ ಅಲೆಗಳು ಅಡ್ಡಡ್ಡ ಬರುತ್ತವೆ. ದೊಡ್ಡ ಟವರ್‌ಗಳದ್ದು ಹೆಚ್ಚಾಗಿ ಹೀಗೇ. ಕಡ್ಡಿಯೂ ಹಾಗೇ ಅಡ್ಡ ಮಲಗಿರಬೇಕು, ನಾನು ನೆಟ್ಟಗೆ ನಿಲ್ಲಿಸಿದ್ದೆ. ಕಾವಲಿಯನ್ನು ಕಿಟಕಿಯ ಪಕ್ಕದ ಗೋಡೆಗೆ ಒರಗಿಸಿ, ಕಡ್ಡಿ ಗಾಜಿಗೆ ಸಮವಾಗಿ ಮಲಗುವಂತೆ ಇಟ್ಟೆ. ಮತ್ತೆ ಸ್ಕ್ಯಾನ್ ಮಾಡಿದರೆ ಎಪ್ಪತ್ತಕ್ಕೂ ಜಾಸ್ತಿ ಚಾನೆಲ್. ನನ್ನ ಕಿಟಕಿ ಉತ್ತರಕ್ಕೆ, ಟವರ್ ಕಡೆಗೇ ಇತ್ತು, ಅದೂ ಸೇರಿತು. ಭಾನುವಾರ ದೋಸೆ ಮಾಡುವಾಗ ಮಾತ್ರ ಟಿವಿ ಬಂದ್.

ಡಾಂಗಲನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಬೇಡಿ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ, ಲ್ಯಾಪ್‌ಟಾಪ್‌ನ ವಿದ್ಯುತ್ ಗದ್ದಲ ಸಿಗ್ನಲ್‌ಗೆ ತಾಕುವುದು ಕಡಿಮೆಯಾಗುತ್ತದೆ.

ಲಂಡನ್‌ನಿಂದ: ರೆಕಾರ್ಡ್ ಮಾಡುವ ಯೋಚನೆ ಇದ್ದರೆ ನನ್ನ ಕಥೆ ಕೇಳಿ. 2019ರ ಜುಲೈ 14, ವಿಶ್ವಕಪ್ ಕ್ರಿಕೆಟ್ ಫೈನಲ್. ಇಂಗ್ಲೆಂಡ್ ಫೈನಲ್‌ಗೆ ಬಂದಿದ್ದರಿಂದ ಆ ಪಂದ್ಯ ಚಾನೆಲ್ 4ರಲ್ಲಿ ಉಚಿತವಾಗಿ ಬಂತು. ಬೆಳಿಗ್ಗೆಯೇ ರೆಕಾರ್ಡಿಂಗ್ ಹಾಕಿ ಸ್ನೇಹಿತರ ಮಗುವಿನ ನಾಮಕರಣಕ್ಕೆ ಹೋದೆ. ರಾತ್ರಿ ಬಂದು ನೋಡಿದರೆ ಫೈಲ್ 4 ಜಿಬಿಗೆ ನಿಂತಿದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟ್‌ನಲ್ಲಿತ್ತು, ಅದರಲ್ಲಿ ಅದಕ್ಕಿಂತ ದೊಡ್ಡ ಫೈಲ್ ಹಿಡಿಯಲ್ಲ. ಹೋಗಲಿ ಅಂತ ನೋಡಲು ಕೂತರೆ ನ್ಯೂಜಿಲೆಂಡ್ ಬ್ಯಾಟಿಂಗ್ ನಡುವೆಯೇ ಕ್ರಿಕೆಟ್ ಮಾಯ, ಕಾರುಗಳು ಶುರು. ಫಾರ್ಮುಲಾ 1 ರೇಸ್ ಇದ್ದಿದ್ದರಿಂದ ಪಂದ್ಯವನ್ನು ಸ್ವಲ್ಪ ಹೊತ್ತು ಅವರದೇ ಇನ್ನೊಂದು ಚಾನೆಲ್ ಮೋರ್4ಗೆ ಸರಿಸಿದ್ದರು. ಸೂಪರ್ ಓವರ್ ನೋಡಿದ್ದು ಮರುದಿನ, ಸಹೋದ್ಯೋಗಿಯ ಫೋನಿನಲ್ಲಿ. ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಮ್ಯಾಂಚೆಸ್ಟರ್‌ನಿಂದ: ಟಿವಿ ಲೈಸೆನ್ಸ್ ಬಗ್ಗೆ ಯಾರೂ ಹೇಳಲಿಲ್ವಲ್ಲ? ಟಿವಿ ಪೆಟ್ಟಿಗೆ ಇಲ್ಲದಿದ್ದರೂ, ಲ್ಯಾಪ್‌ಟಾಪ್‌ನಲ್ಲಿ ಲೈವ್ ನೋಡಿದರೂ ಬೇಕು. ವರ್ಷಕ್ಕೆ 170 ಪೌಂಡ್ ಮೇಲೆ. ಇಲ್ಲದೆ ಸಿಕ್ಕಿಬಿದ್ದರೆ ದಂಡ 1,000 ಪೌಂಡ್‌ವರೆಗೂ ಹೋಗಬಹುದು. ಅಪ್ಪ ಅಮ್ಮನ ಮನೆಗೆ ಲೈಸೆನ್ಸ್ ಇದ್ದು, ಲ್ಯಾಪ್‌ಟಾಪ್ ಆಂಟೆನಾಗೂ ಕರೆಂಟಿಗೂ ಸೇರದೆ ಬ್ಯಾಟರಿಯಲ್ಲಷ್ಟೇ ಓಡುತ್ತಿದ್ದರೆ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ. ಮೈಸೂರಿನ ಮನೆ ಲೆಕ್ಕಕ್ಕೆ ಬರಲ್ಲ ಬಿಡಿ.

ಮ್ಯೂನಿಕ್‌ನಿಂದ: ಮುಂದೆ ಜರ್ಮನಿಗೆ ಬರುವವರಿಗೆ ಒಂದು ಮಾತು. ಇಲ್ಲಿ 2017ರ ಮಾರ್ಚ್‌ನಿಂದ ಟಿ2 ಜೊತೆ ಎಚ್‌ಇವಿಸಿ ಎಂಬ ವಿಡಿಯೋ ಕುಗ್ಗಿಸುವ ವಿಧಾನ ಬಂದಿದೆ. ಡಾಂಗಲ್ ಸರಿಯಿದ್ದರೂ ನನ್ನ ಹಳೇ ಲ್ಯಾಪ್‌ಟಾಪ್ ಅದನ್ನು ಬಿಡಿಸಲಾರದೆ ಫ್ಯಾನ್ ಊದಿಕೊಂಡು ಕೂತಿತು. ಖಾಸಗಿ ಚಾನೆಲ್‌ಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇರೆ.

ಬೆಂಗಳೂರಿನಿಂದ: 2016ರಲ್ಲಿ ದೂರದರ್ಶನ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಶುರುಮಾಡಿದಾಗ ನಾನೂ ಇದೇ ಅಗ್ಗದ ಡಾಂಗಲ್ ತರಿಸಿ ಮೋಸಹೋದೆ. ಟಿವಿ ಬರಲಿಲ್ಲ. ಆದರೆ ಎಸೆಯಬೇಡಿ. ಆ ಚಿಪ್ ಕಚ್ಚಾ ರೇಡಿಯೋ ಸಿಗ್ನಲನ್ನೂ ಕೊಡುತ್ತದೆ. ಸಾಫ್ಟ್‌ವೇರ್ ಹಾಕಿ ನಾನು ಎಫ್‌ಎಂ 101.3ರ ಕಾಮನಬಿಲ್ಲು ಕೇಳುತ್ತೇನೆ. ಅದೇ ಡಾಂಗಲ್‌ನಲ್ಲಿ ಮನೆ ಮೇಲೆ ಹಾರುವ ವಿಮಾನಗಳ ಸಂಕೇತವನ್ನೂ 1090 ಮೆಗಾಹರ್ಟ್ಸ್‌ನಲ್ಲಿ ಹಿಡಿಯುತ್ತೇನೆ. ಟಿವಿಗಿಂತ ಇದೇ ಮಜಾ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಟಿ2 ಇರುವುದನ್ನೇ ಆರ್ಡರ್ ಮಾಡಿದೆ. ಗೋಡೆಯಲ್ಲಿ ಸಾಕೆಟ್ ಇಲ್ಲ. ನನ್ನ ಹತ್ತಿರ ಇರುವುದು ಅಲ್ಯೂಮಿನಿಯಂ ನಾನ್‌ಸ್ಟಿಕ್ ತವಾ, ಆಯಸ್ಕಾಂತ ಅಂಟುತ್ತಿಲ್ಲ.

ಮೊದಲ ಉತ್ತರದವರು: ತಗಡಿನ ಬಿಸ್ಕತ್ ಡಬ್ಬದ ಮುಚ್ಚಳ ಆಗುತ್ತೆ. ಮಲಗಿಸೋದು ಮರೀಬೇಡಿ.